ಜುವಾರಿನಗರದ ಕರೆಂಟು ಮತ್ತು ಗೋವಾದ ಮನೆ ಬಿಲ್ಲು

ದುಡಿಮೆಗೆಂದು ಗೋವಾಕ್ಕೆ ಇಳಿದ ಉತ್ತರ ಕರ್ನಾಟಕದವರಿಗೆ ವಾಸ್ಕೋ ಸಮೀಪದ ಜುವಾರಿನಗರ ಪರಸ್ಥಳ ಅನ್ನಿಸುವುದಿಲ್ಲ. ಗೊಬ್ಬರ ಕಾರ್ಖಾನೆಯ ಆಸುಪಾಸಿನ ಇಕ್ಕಟ್ಟಾದ ಗಲ್ಲಿಗಳಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಗೋವಾ ಸರ್ಕಾರ 15 ವರ್ಷ ವಿದ್ಯುತ್ ಕೊಂಡ ಖಾಸಗಿ ಸ್ಥಾವರ ಇದ್ದದ್ದೂ ಇಲ್ಲೇ.

ಗೋವಾಕ್ಕೆ ಕಲ್ಲಿದ್ದಲೂ ಇಲ್ಲ, ಶರಾವತಿಯಂಥ ಜಲವಿದ್ಯುತ್ ಯೋಜನೆಯೂ ಇಲ್ಲ. ಕೇಂದ್ರದ ಸ್ಥಾವರಗಳಿಂದ ಸಿಗುವ ಪಾಲು ಒಂದೆಡೆ ಮಹಾರಾಷ್ಟ್ರದಿಂದ, ಇನ್ನೊಂದೆಡೆ ನಮ್ಮ ದಾಂಡೇಲಿ ಹತ್ತಿರದ ಅಂಬೇವಾಡಿಯಿಂದ ತಂತಿ ಹಿಡಿದು ಘಟ್ಟ ಇಳಿಯಬೇಕು. ಊರಲ್ಲೇ ಒಂದು ಸ್ಥಾವರ ಬೇಕು ಎಂದು ಸರ್ಕಾರ 1997ರ ಜನವರಿ 10ರಂದು ಬಿಎಸ್‌ಇಎಸ್ ಕಂಪನಿಯೊಂದಿಗೆ ಖರೀದಿ ಒಪ್ಪಂದ ಮಾಡಿಕೊಂಡಿತು. 48 ಮೆಗಾವಾಟ್ ಸ್ಥಾವರ 1999ರ ಆಗಸ್ಟ್‌ನಲ್ಲಿ ಪೂರ್ತಿ ಚಾಲೂ ಆಯಿತು. ಕಂಪನಿ ಮುಂದೆ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಆಯಿತು.

ಇಂಧನ ನಾಫ್ತಾ. ಬೇಗ ಕಟ್ಟಿ ಮುಗಿಸಬಹುದು ಎಂಬ ಕಾರಣಕ್ಕೆ ಆ ದಶಕದಲ್ಲಿ ಹಲವು ರಾಜ್ಯಗಳು ನಾಫ್ತಾ ಸ್ಥಾವರಗಳ ಕಡೆ ವಾಲಿದವು. ಆದರೆ ಕಚ್ಚಾ ತೈಲ ಏರಿದರೆ ನಾಫ್ತಾ ಏರುತ್ತದೆ, ನಾಫ್ತಾ ಏರಿದರೆ ಯೂನಿಟ್ ದರವೂ ಏರುತ್ತದೆ. ಮಂಗಳೂರಿನಲ್ಲಿ ಗುರುಪುರ ನದಿಯ ಮೇಲೆ ತೇಲುತ್ತಿದ್ದ ತಣ್ಣೀರುಬಾವಿಯ 220 ಮೆಗಾವಾಟ್ ನಾಫ್ತಾ ಸ್ಥಾವರ ನೆನಪಿದೆಯಲ್ಲ? 2001ರಲ್ಲಿ ಶುರುವಾದ ಅದನ್ನು ಒಪ್ಪಂದದ ಏಳು ವರ್ಷ ಮುಗಿದ ಮೇಲೆ ಕಾಕಿನಾಡಕ್ಕೆ ಎಳೆದೊಯ್ದರು.

ಜುವಾರಿನಗರದಲ್ಲಿ ಕೊನೆಗಾಲಕ್ಕೆ ನಾಫ್ತಾ ಬಿಟ್ಟು ಅನಿಲಕ್ಕೆ ಬದಲಾದರು. ಅನಿಲದ ದರದ ಲೆಕ್ಕ, ಕಟ್ಟದೆ ಉಳಿದ ಬಾಕಿ ಎರಡೂ ಜಗಳವಾದವು. 2014ರ ಆಗಸ್ಟ್‌ನಲ್ಲಿ ಒಪ್ಪಂದದ ಅವಧಿ ಮುಗಿಯಿತು, ಜಗಳ ಮುಗಿಯಲಿಲ್ಲ. 2018ರ ಫೆಬ್ರುವರಿಯಲ್ಲಿ ಮಧ್ಯಸ್ಥಿಕೆ ಪೀಠ ಕಂಪನಿಗೆ 278.29 ಕೋಟಿ ರೂಪಾಯಿ ಕೊಡಬೇಕೆಂದಿತು. ಮುಂದೆ ಹೈಕೋರ್ಟ್ ಅದರಲ್ಲೊಂದು ಭಾಗ ತಳ್ಳಿಹಾಕಿತು. 2023ರ ಮೇ 10ರಂದು ಸುಪ್ರೀಂ ಕೋರ್ಟ್ ಮಧ್ಯಸ್ಥಿಕೆ ಪೀಠದ ತೀರ್ಪನ್ನು ಪೂರ್ತಿಯಾಗಿ ಎತ್ತಿಹಿಡಿಯಿತು.

ಗೋವಾದಲ್ಲಿ ಮನೆಮನೆಗೆ ಕರೆಂಟು ಮಾರುವುದು ಸರ್ಕಾರದ ವಿದ್ಯುತ್ ಇಲಾಖೆಯೇ. ನಮ್ಮ ಹೆಸ್ಕಾಂನಂಥ ಕಂಪನಿ ಅಲ್ಲಿಲ್ಲ. ದರ ನಿಗದಿಪಡಿಸುವುದು ಜಂಟಿ ವಿದ್ಯುತ್ ನಿಯಂತ್ರಣ ಆಯೋಗ, ಕೊರತೆ ತುಂಬಿಕೊಡುವುದು ಬಜೆಟ್. ಹೀಗಾಗಿ ಮನೆಗಳ ಮೊದಲ ನೂರು ಯೂನಿಟ್‌ಗಳ ದರ ವರ್ಷಗಟ್ಟಲೆ ಎರಡು ರೂಪಾಯಿಯ ಒಳಗೇ ಇತ್ತು. 2021ರ ಜುಲೈನಲ್ಲಿ ಅರವಿಂದ್ ಕೇಜ್ರಿವಾಲ್ 300 ಯೂನಿಟ್ ಉಚಿತ ಎಂದು ಅಲ್ಲಿ ಸಾರಿದಾಗ ಚುನಾವಣೆಯ ಮಾತೆಲ್ಲ ಬಿಲ್ಲಿನ ಸುತ್ತ ತಿರುಗಿತು. ಹಳೆಯ ಒಪ್ಪಂದದ ಬಾಕಿಯನ್ನೂ ಖಜಾನೆಯೇ, ಅಂದರೆ ಜನರೇ, ತೀರಿಸಬೇಕು ಎಂಬುದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ನನಗೆ ಅದು ದೊಡ್ಡ ಲೋಪ ಅನ್ನಿಸುತ್ತದೆ.

ಇನ್ನೊಂದು ಲೋಪ ಬಾಡಿಗೆ ಕೋಣೆಗಳದ್ದು. ಸಾಲಿನ ಎಂಟು ಕೋಣೆಗಳಿಗೆ ಮಾಲೀಕನ ಹೆಸರಲ್ಲಿ ಒಂದೇ ಮೀಟರ್ ಇದ್ದರೆ ಎಂಟು ಬಡ ಸಂಸಾರಗಳ ಬಳಕೆ ಕೂಡಿ ದುಬಾರಿ ಹಂತಕ್ಕೇರುತ್ತದೆ. ಅಗ್ಗದ ನೂರು ಯೂನಿಟ್ ಎಂಟು ಪಾಲಾಗುತ್ತದೆ. ಕರ್ನಾಟಕದ ಗೃಹಜ್ಯೋತಿ 2023ರಲ್ಲಿ ಬಾಡಿಗೆದಾರರನ್ನೂ ಒಳಗೆ ಸೇರಿಸಿತು. ಅಲ್ಲಿಯೂ ಲಾಭ ಮೀಟರಿಗೆ ಒಂದರಂತೆಯೇ.

ಗೋವಾ ಸರ್ಕಾರದಲ್ಲಿ ಒಂದು ವಿನಂತಿ: ಬಾಡಿಗೆ ಕೋಣೆಗಳಲ್ಲಿರುವ ಪ್ರತಿ ಸಂಸಾರಕ್ಕೂ ಅದರದೇ ಮೀಟರ್ ಕೊಡಿ, ಪ್ರತಿ ಬಿಲ್ಲಿನ ಮೇಲೂ ವಿದ್ಯುತ್ತಿನ ನಿಜವಾದ ಖರೀದಿ ಬೆಲೆ ಅಚ್ಚು ಹಾಕಿಸಿ.