ಹವಳದ ದಿಬ್ಬಕ್ಕೆ ಹೊರಡುವವರು ಆರಿಸತಕ್ಕ ದೋಣಿ

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೋಗಿಬರುವ ನಮ್ಮ ಗೃಹಸ್ಥರು ಈಚೆಗೆ ನಯಾಗರದ ಜಲಪಾತವೊಂದನ್ನೇ ಕಂಡು ತೃಪ್ತರಾಗುವುದಿಲ್ಲ. ಚಳಿಗಾಲದ ರಜೆಯಲ್ಲಿ ಮಕ್ಕಳು ಅವರನ್ನು ಕೆರಿಬಿಯನ್ ಸಮುದ್ರದ ದ್ವೀಪಗಳಿಗೂ ಕರೆದೊಯ್ಯುವುದುಂಟು. ಮುಖಕ್ಕೆ ಗಾಜಿನ ಮುಸುಕನ್ನು ಕಟ್ಟಿ, ಸ್ನಾರ್ಕೆಲ್ ಎಂಬ ಕೊಳವೆಯನ್ನು ಬಾಯಲ್ಲಿ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಣ ಹವಳವನ್ನೂ ಮೀನನ್ನೂ ನೋಡುವುದೇ ಅಲ್ಲಿಯ ಮುಖ್ಯ ವಿನೋದ. ಇದರ ಸುಖವೂ ಕ್ಷೇಮವೂ ಬಹುಮಟ್ಟಿಗೆ ದೋಣಿಯ ಆಯ್ಕೆಯನ್ನೇ ಅವಲಂಬಿಸಿರುವುದರಿಂದ ಆ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ದೃಷ್ಟಾಂತಕ್ಕೆ ಸೇಂಟ್ ಕ್ರೋಯ್ ದ್ವೀಪವನ್ನು ತೆಗೆದುಕೊಳ್ಳೋಣ. 1917ರಲ್ಲಿ ಅಮೆರಿಕದವರು ಡೆನ್ಮಾರ್ಕಿನಿಂದ ಕ್ರಯಕ್ಕೆ ಪಡೆದ ದ್ವೀಪಗಳಲ್ಲಿ ಇದೂ ಒಂದು. ಇದರ ಉತ್ತರ ತೀರದಿಂದ ಸುಮಾರು ಎರಡೂವರೆ ಕಿಲೋಮೀಟರ್ ದೂರದಲ್ಲಿ ಬಕ್ ದ್ವೀಪವೆಂಬ 176 ಎಕರೆಯ ನಿರ್ಜನವಾದ ನಡುಗಡ್ಡೆಯಿದೆ. 1961ರಲ್ಲಿ ಅಧ್ಯಕ್ಷ ಕೆನೆಡಿಯವರು ಇದನ್ನೂ ಇದರ ಸುತ್ತಣ ಹವಳದ ದಿಬ್ಬವನ್ನೂ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಪಶ್ಚಿಮಕ್ಕೆ ಬಿಳಿಯ ಮರಳಿನ ದಂಡೆ. ಪೂರ್ವದ ಕಡೆಗೆ, ನೀರಿನ ತಳದಲ್ಲಿಯೇ ಫಲಕಗಳನ್ನು ನೆಟ್ಟು ಏರ್ಪಡಿಸಿದ ಈಜುದಾರಿ. ಕಡವೆಯ ಕೊಂಬಿನಂತೆ ಕವಲೊಡೆಯುವ ಹವಳಕ್ಕೆ ಈ ದಿಬ್ಬವು ಹೆಸರಾದುದು. ರೋಗಗಳೂ, 1989ರ ಹ್ಯೂಗೋ ಚಂಡಮಾರುತವೂ, 2023ರಲ್ಲಿ ಏರಿದ ಸಮುದ್ರದ ಕಾವೂ ಅದನ್ನು ಬಹಳ ಬಾಧಿಸಿರುವುವು. ಉದ್ಯಾನದ ಅಧಿಕಾರಿಗಳ ಅಪ್ಪಣೆ ಪಡೆದ ಕೆಲವೇ ದೋಣಿಯವರು ಹಣ ಪಡೆದು ಇಲ್ಲಿಗೆ ಜನರನ್ನು ಕರೆದೊಯ್ಯಬಹುದು. ಆ ಅಪ್ಪಣೆಯಿದೆಯೇ ಎಂಬುದೇ ಮೊದಲು ಕೇಳತಕ್ಕ ಪ್ರಶ್ನೆ.

ಎರಡನೆಯದು ಜನರ ಸಂಖ್ಯೆ. ಅಲ್ಲಿಯ ಕಾನೂನಿನಂತೆ ಆರಕ್ಕಿಂತ ಹೆಚ್ಚು ಮಂದಿಯನ್ನು ಬಾಡಿಗೆಗೆ ಒಯ್ಯುವ ಸಣ್ಣ ದೋಣಿಯು ಕರಾವಳಿ ರಕ್ಷಣಾ ದಳದ ಪರೀಕ್ಷೆಗೆ ಒಳಗಾಗಿ ಯೋಗ್ಯತಾಪತ್ರವನ್ನು ಪಡೆದಿರಬೇಕು. ಆರು ಮಂದಿಯ ದೋಣಿಗೆ ಆ ಪತ್ರ ಬೇಡ. ಆದರೆ ನಡೆಸುವವನಿಗೆ ಪರವಾನಗಿ ಇರಲೇಬೇಕು. ಈಜು ಬಾರದ ಹಿರಿಯರಾಗಲಿ ಮಕ್ಕಳಾಗಲಿ ಜೊತೆಯಲ್ಲಿದ್ದರೆ, ಖರ್ಚು ಹೆಚ್ಚಾದರೂ ಆರೆಂಟು ಮಂದಿಯ ದೋಣಿಯೇ ಮೇಲೆಂದು ನಮ್ಮ ಅಭಿಪ್ರಾಯ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮುಳುಗುವವನು ಕೂಗಿಕೊಳ್ಳುತ್ತಾನೆ, ಕೈ ಬೀಸುತ್ತಾನೆ ಎಂದು ಜನರು ಭಾವಿಸಿದ್ದಾರೆ. ಈ ಆಟದಲ್ಲಿ ಹಾಗಲ್ಲ. ಬೋರಲಾಗಿ ತೇಲುತ್ತ ಮೀನು ನೋಡುವವನೂ, ಪ್ರಜ್ಞೆ ತಪ್ಪಿ ತೇಲುವವನೂ ದೂರದಿಂದ ಒಂದೇ ಬಗೆಯಾಗಿ ಕಾಣುವರು! ನಲವತ್ತು ಬೆನ್ನುಗಳ ನಡುವೆ ಅಲುಗದೆ ನಿಂತ ಒಂದು ಬೆನ್ನನ್ನು ಗುರುತಿಸುವುದು ಎಂತಹ ಜಾಗರೂಕನಿಗೂ ಕಷ್ಟ. ಆರು ಮಂದಿಯಲ್ಲಿ ಅದು ಸಾಧ್ಯ. ಇನ್ನು ಎಣಿಕೆಯ ಮಾತು. 1998ರಲ್ಲಿ ಆಸ್ಟ್ರೇಲಿಯದ ಹವಳದ ಸಾಲಿನ ಬಳಿ ಮುಳುಗುಈಜಿಗೆ ಹೋದ ದಂಪತಿಗಳನ್ನು, ತಲೆಯೆಣಿಕೆ ತಪ್ಪಿದುದರಿಂದ, ಹಡಗು ಸಮುದ್ರದಲ್ಲಿಯೇ ಬಿಟ್ಟು ಬಂದಿತು. ಎರಡು ದಿನಗಳವರೆಗೆ ಅದು ಯಾರ ಗಮನಕ್ಕೂ ಬರಲಿಲ್ಲ. ಅವರು ಮತ್ತೆ ದೊರೆಯಲೇ ಇಲ್ಲ. ಆದುದರಿಂದ ಎಣಿಸುವವರಾರು, ಎಷ್ಟು ಬಾರಿ ಎಣಿಸುವರು, ಹೆಸರು ಹಿಡಿದು ಕರೆಯುವರೇ, ನಾವು ನೀರಿಗಿಳಿದಾಗ ಜೊತೆಗೆ ಇಳಿಯುವವರಾರು, ದೋಣಿಯ ಮೇಲೆ ನಿಂತು ನೋಡುವವರಾರು ಎಂದು ಹಣ ಕೊಡುವ ಮೊದಲೇ ವಿಚಾರಿಸಬೇಕು. ಸಂಕೋಚ ಬೇಡ. ಒಳ್ಳೆಯ ತಾಂಡೇಲನು ಇಂತಹ ಪ್ರಶ್ನೆಗೆ ಬೇಸರಪಡನು; ಬೇಸರಪಟ್ಟವನ ದೋಣಿಯನ್ನು ಬಿಟ್ಟುಬಿಡುವುದೇ ಲೇಸು. ಮುರುಡೇಶ್ವರದಿಂದ ನಮ್ಮ ನೇತ್ರಾಣಿಗೆ ಹೋಗುವವರಿಗೂ ಈ ಮಾತು ಸಲ್ಲುತ್ತದೆ.

ಹವಳದ ಹಿತಕ್ಕೂ ಸಣ್ಣ ಗುಂಪೇ ಒಳ್ಳೆಯದು. ಹವಳವು ಕಲ್ಲಲ್ಲ, ಜೀವಿಗಳ ಮನೆ. ಗುಂಡಾದ ಜಾತಿಯವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುವು. ಗಾಬರಿಗೊಂಡವನ ಒಂದು ಒದೆತದಿಂದ ಹಲವು ವರ್ಷಗಳ ಬೆಳವಣಿಗೆ ಮುರಿದುಬೀಳಬಹುದು. ಲಂಗರನ್ನು ಎಲ್ಲಿ ಇಳಿಸುವಿರೆಂದು ಕೇಳಿರಿ: ಮರಳಿನಲ್ಲಿ, ಇಲ್ಲವೆ ಕಟ್ಟುವುದಕ್ಕೆಂದೇ ಇಟ್ಟ ತೇಲುಗುಂಡಿಗೆ, ಎಂಬ ಉತ್ತರ ಬರಬೇಕು. ಬಿಸಿಲಿಗೆ ಹಚ್ಚುವ ಲೇಪಗಳಲ್ಲಿ ಆಕ್ಸಿಬೆಂಜೋನ್ ಮೊದಲಾದ ಕೆಲವು ವಸ್ತುಗಳಿರುವುವನ್ನು ಆ ದ್ವೀಪಗಳಲ್ಲಿ 2020ರಿಂದ ನಿಷೇಧಿಸಿದ್ದಾರೆ. ತುಂಬುತೋಳಿನ ಈಜಂಗಿ ತೊಟ್ಟರೆ ಲೇಪದ ಗೊಡವೆಯೇ ಬಹುಮಟ್ಟಿಗೆ ತಪ್ಪುವುದು. ತೇಲುವವರ ಬೆನ್ನೇ ಮೊದಲು ಸುಡುವುದೆಂದು ನೆನಪಿರಲಿ.

ಮುಸುಕಿನೊಳಗೆ ಕನ್ನಡಕವನ್ನು ಧರಿಸುವಂತಿಲ್ಲ. ದೃಷ್ಟಿಗೆ ತಕ್ಕ ಗಾಜಿರುವ ಮುಸುಕನ್ನು ಮುಂಚಿತವಾಗಿ ಕೇಳಬಹುದು. ಪೊದೆಮೀಸೆಯವರಿಗೆ ನೀರು ಒಳನುಗ್ಗುವ ತೊಂದರೆಯುಂಟು. ತೇಲುಕವಚವನ್ನು ಎಲ್ಲರೂ ತೊಡಲಿ. ಹೃದ್ರೋಗವಿದ್ದವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ದೋಣಿಯಲ್ಲಿಯೇ ಕುಳಿತು ನೋಡಿದರೆ ಮರ್ಯಾದೆಗೇನೂ ಕುಂದಿಲ್ಲ.

ಕಾಲದ ವಿಷಯ: ಜೂನಿನಿಂದ ನವೆಂಬರಿನವರೆಗೆ ಚಂಡಮಾರುತದ ಋತು. ಡಿಸೆಂಬರ್, ಜನವರಿಗಳಲ್ಲಿ ಅಲ್ಲಿಯವರು ಕ್ರಿಸ್ಮಸ್ ಗಾಳಿಯೆನ್ನುವ ಬಿರುಸಾದ ಮೂಡಣ ಗಾಳಿಯಿಂದ ಕೆಲವು ದಿನ ಅಲೆಗಳೇಳುವುವು. ಆದುದರಿಂದ ರಜೆಯ ಕೊನೆಯ ದಿನಕ್ಕೆ ದೋಣಿಯನ್ನು ಗೊತ್ತುಮಾಡದೆ ಮೊದಲ ದಿನಗಳಲ್ಲಿಯೇ ಗೊತ್ತುಮಾಡಿದರೆ, ಒಂದು ದಿನ ತಪ್ಪಿದರೂ ಇನ್ನೊಂದು ದಿನ ದೊರೆಯುವುದು. ಕ್ರಿಶ್ಚಿಯನ್‌ಸ್ಟೆಡ್ ಪಟ್ಟಣದಿಂದ ಹೊರಟ ಹಾಯಿದೋಣಿಯು ಬಕ್ ದ್ವೀಪಕ್ಕೆ ಗಾಳಿಗೆದುರಾಗಿ ಸಾಗುವುದರಿಂದ ಹೋಗುವಾಗ ತುಂತುರೂ ತೂಗಾಟವೂ ಹೆಚ್ಚು. ವಾಂತಿಯಾಗುವ ಸ್ವಭಾವದವರು ಮಾತ್ರೆಯನ್ನು ಹೊರಡುವ ಮೊದಲೇ ನುಂಗಿ, ಹಿಂಭಾಗದಲ್ಲಿ ಕುಳಿತು, ದೂರದ ದಿಗಂತವನ್ನು ನೋಡುತ್ತಿರಲಿ. ಹಿಂದಿರುಗುವಾಗ ಗಾಳಿ ಬೆನ್ನಿಗಿರುತ್ತದೆ. ಬುತ್ತಿಯನ್ನು ಆಗ ಬಿಚ್ಚಬಹುದು.