ಸಹಿ ಮಾಡುವ ಮೊದಲು ತಲೆಬರಹ ಓದಿರಿ

ನಿಪ್ಪಾಣಿ ಕಡೆಯ ಒಬ್ಬ ತಾಯಿ ನಮ್ಮ ತರಗತಿಗೆ ಬರುತ್ತಾರೆ. ಬೀಡಿ ಕಟ್ಟಿ ಎರಡು ಖೋಲಿಯ ಮನೆ ಕೊಂಡಿದ್ದಾರೆ. ಉತಾರದಲ್ಲಿ ಅವರದೇ ಹೆಸರಿದೆ. ಗಂಡ ಇಲ್ಲ. ಒಂದು ದಿನ ಅವರು ಕೇಳಿದರು:

"ಅಕ್ಕೋರೆ, ಮನಿ ಮಗಳಿಗೆ ಬರದಿಡಬೇಕಂತ ಮಾಡೀನಿ. ಬರದ ಮ್ಯಾಲೆ ನನ್ನ ಹೊರಗ ಹಾಕಿದ್ರ?"

ಅಕ್ಕಂದಿರೇ, ಇದು ಒಳ್ಳೆಯ ಪ್ರಶ್ನೆ. ಯಾವ ಪತ್ರ ಬರೆದಿರಿ ಎಂಬುದರ ಮೇಲೆ ಉತ್ತರ ಇದೆ.

ಒಂದು, ಮೃತ್ಯುಪತ್ರ. ಉಯಿಲು ಅಂತಲೂ ಅನ್ನುತ್ತಾರೆ. ನೀವು ಬದುಕಿರುವ ತನಕ ಮನೆ ನಿಮ್ಮದೇ. ನೀವು ತೀರಿದ ಮೇಲೆ ಮಾತ್ರ ಅದು ಮಗಳಿಗೆ ಹೋಗುತ್ತದೆ. ಮನಸ್ಸು ಬದಲಾದರೆ ರದ್ದು ಮಾಡಬಹುದು, ಹೊಸದು ಬರೆಯಬಹುದು.

ಇನ್ನೊಂದು, ಬಕ್ಷೀಸ ಪತ್ರ. ಇದೇ ದಾನಪತ್ರ. ಇದು ನೋಂದಣಿ ಆಯಿತೆಂದರೆ ಮನೆ ಕೈಬಿಟ್ಟ ಹಾಗೆ. ಮನಸ್ಸು ಬದಲಾಯಿತು ಅಂದರೆ ತಿರುಗಿ ಬರುವುದಿಲ್ಲ. "ನನ್ನನ್ನು ನೋಡಿಕೊಳ್ಳಬೇಕು" ಎಂಬ ಶರತ್ತು ಅದರಲ್ಲಿ ಬರೆಸಿದ್ದು, ಅದನ್ನು ಅವರು ಪಾಲಿಸದಿದ್ದರೆ ದಾರಿ ಉಂಟು. 60 ವರ್ಷ ತುಂಬಿದವರು 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಸಾಹೇಬರಿಗೆ, ಅರ್ಜಿ ಕೊಡಬಹುದು. ಆದರೆ ಇಳಿವಯಸ್ಸಿನಲ್ಲಿ ಕಚೇರಿ ಅಲೆಯುವುದು ಯಾರಿಗೆ ಬೇಕು?

ಆದ್ದರಿಂದ ಕಾಗದದ ಮೇಲಿನ ಮೊದಲ ಸಾಲು ನೀವೇ ಓದಿರಿ. "ಸುಮ್ನ ಹೆಬ್ಬಟ್ಟ ಒತ್ತವ್ವಾ" ಅಂದರೆ ಒತ್ತಬೇಡಿ. ಕಾಗದ ಮನೆಗೆ ತನ್ನಿ, ನಿಧಾನವಾಗಿ ಓದಿ.

ಮೃತ್ಯುಪತ್ರ ಬರೆಯಲು ಸ್ಟಾಂಪ್ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನ್ನಡ, ಮರಾಠಿ ಯಾವುದಾದರೂ ನಡೆಯುತ್ತದೆ. ಸಹಿಯೂ ಆಗುತ್ತದೆ, ಹೆಬ್ಬೆಟ್ಟೂ ಆಗುತ್ತದೆ. ಇಬ್ಬರು ಸಾಕ್ಷಿದಾರರು ನಿಮ್ಮೆದುರು ಸಹಿ ಮಾಡಲೇಬೇಕು. ಆಸ್ತಿ ಪಡೆಯುವವರು ಸಾಕ್ಷಿ ಆಗದಿರುವುದು ಒಳ್ಳೆಯದು. ಸಾಕ್ಷಿದಾರರು ನಿಮಗಿಂತ ಚಿಕ್ಕ ವಯಸ್ಸಿನವರಿರಲಿ. ಮುಂದೆ ಕೋರ್ಟಿನಲ್ಲಿ ಹೇಳಬೇಕಾದರೆ ಅವರು ಇರಬೇಕಲ್ಲ! ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ತಂಟೆ ಕಡಿಮೆ.

"ಏನೂ ಬರೀದ ಸತ್ರ?" ಹಿಂದೂ, ಲಿಂಗಾಯತ, ಜೈನರಿಗೆ 1956ರ ವಾರಸಾ ಕಾಯ್ದೆ ಇದೆ. ಅದರಂತೆ ತಾಯಿಯ ಗಳಿಕೆ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಸಮಪಾಲು. ಗಂಡ ಇದ್ದರೆ ಅವನಿಗೂ ಒಂದು ಪಾಲು. ಮುಸ್ಲಿಮರ ನಿಯಮ ಬೇರೆ. ವಾರಸುದಾರರು ಒಪ್ಪದೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಆಸ್ತಿಯನ್ನು ಮೃತ್ಯುಪತ್ರದಲ್ಲಿ ಬರೆಯಲು ಬರುವುದಿಲ್ಲ.

ಆ ತಾಯಿ ಮೃತ್ಯುಪತ್ರವನ್ನೇ ಬರೆಸಿದರು. ವಕೀಲರ ಫೀ ಕೊಡಲಿಲ್ಲ. ಮಹಿಳೆಯರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಪುಕ್ಕಟೆ. ಕೋರ್ಟಿನಲ್ಲಿ ಕೇಳಿದರೆ ತೋರಿಸುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಪತ್ರ ಎಲ್ಲಿಟ್ಟಿದ್ದೀರಿ ಎಂದು ನಂಬಿಗಸ್ತ ಒಬ್ಬರಿಗಾದರೂ ಹೇಳಿಡಿ.