ಇತ್ತೀಚಿನ ಸಂಶೋಧನೆಗಳು: ಮೂರು ಕ್ಷೇತ್ರಗಳ ಸಮೀಕ್ಷೆ

ವಿಜ್ಞಾನವು ಇಂದು ಎಷ್ಟು ವೇಗದಿಂದ ಮುನ್ನಡೆಯುತ್ತಿದೆಯೆಂದರೆ, ಒಂದು ಪಠ್ಯಪುಸ್ತಕವು ಅಚ್ಚಾಗಿ ವಿದ್ಯಾರ್ಥಿಯ ಕೈಸೇರುವಷ್ಟರಲ್ಲಿಯೇ ಅದರ ಕೆಲವು ಪುಟಗಳು ಹಳತಾಗಿರುತ್ತವೆ. ದಿನಕ್ಕೊಂದು ಶೋಧದ ಸುದ್ದಿ ಪತ್ರಿಕೆಗಳಲ್ಲಿಯೂ ಮೊಬೈಲ್ ಪರದೆಯ ಮೇಲೂ ಕಾಣಿಸಿಕೊಳ್ಳುತ್ತದೆ. ಅವುಗಳಲ್ಲಿ ಯಾವುದು ಸಿದ್ಧವಾದುದು, ಯಾವುದು ಇನ್ನೂ ಪರೀಕ್ಷೆಯಲ್ಲಿರುವುದು, ಯಾವುದು ಬರಿಯ ಅಬ್ಬರ ಎಂಬುದನ್ನು ತಿಳಿಯುವುದು ಸುಲಭವಲ್ಲ. ಈ ವಿವೇಚನೆಯನ್ನು ಮಕ್ಕಳಿಗೆ ಕಲಿಸಬೇಕಾದವರು ಅಧ್ಯಾಪಕರು. ಅದಕ್ಕೆ ಬೇಕಾದ ಅನುಕೂಲವನ್ನು ಒದಗಿಸಬೇಕಾದವರು ವಿದ್ಯಾಸಂಸ್ಥೆಗಳು ಮತ್ತು ದಾನಿಗಳು. ಆದುದರಿಂದ ಅನುವಂಶೀಯ ವಿಜ್ಞಾನ, ಘನದ್ರವ್ಯ ಭೌತವಿಜ್ಞಾನ, ತಂತ್ರವಿಜ್ಞಾನ ಈ ಮೂರು ಕ್ಷೇತ್ರಗಳಿಂದ ಒಂದೊಂದು ಉದಾಹರಣೆಯನ್ನು ಆಯ್ದುಕೊಂಡು ಪರಿಶೀಲಿಸುವುದು ಉಪಯುಕ್ತವಾದೀತು.

ವಂಶವಾಹಿಗಳ ತಿದ್ದುಪಡಿ

ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವ ಕ್ರಿಯೆ ಪ್ರತಿಯೊಂದು ಮನೆಯಲ್ಲಿಯೂ ನಡೆಯುವಂಥದು. ಆ ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳಿಗೂ ಶತ್ರುಗಳುಂಟು, ಅವು ವೈರಸ್‌ಗಳು. ವೈರಸ್ಸಿನ ಹಾವಳಿಯಿಂದ ಹೆಪ್ಪು ಕೆಟ್ಟರೆ ಹಾಲಿನ ಕಾರ್ಖಾನೆಗಳಿಗೆ ದೊಡ್ಡ ನಷ್ಟವಾಗುತ್ತದೆ. ಒಂದು ಆಹಾರೋದ್ಯಮ ಸಂಸ್ಥೆಯ ವಿಜ್ಞಾನಿಗಳು ಈ ಸಮಸ್ಯೆಯನ್ನು ಅಭ್ಯಸಿಸುತ್ತ, 2007ರಲ್ಲಿ ಒಂದು ವಿಸ್ಮಯವನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ದಾಳಿಯಿಂದ ಪಾರಾದ ಸೂಕ್ಷ್ಮಜೀವಿಯು ಶತ್ರುವಿನ ಡಿ.ಎನ್.ಎ.ಯ ಒಂದು ತುಣುಕನ್ನು ತನ್ನ ಡಿ.ಎನ್.ಎ.ಯಲ್ಲಿ ನೆನಪಿನ ಗುರುತಾಗಿ ಇಟ್ಟುಕೊಳ್ಳುತ್ತದೆ. ಅದೇ ಶತ್ರು ಮತ್ತೆ ಬಂದಾಗ ಗುರುತು ಹಿಡಿದು ಅದನ್ನು ಕತ್ತರಿಸಿಹಾಕುತ್ತದೆ. ಈ ಗುರುತುಗಳ ನಡುವೆ ಒಂದೇ ಬಗೆಯಾಗಿ ಮರುಕಳಿಸುವ ಅಕ್ಷರಸಾಲುಗಳನ್ನು ಜಪಾನಿನ ಒಸಾಕಾದ ವಿಜ್ಞಾನಿಗಳು 1987ರಲ್ಲಿಯೇ ಕಂಡಿದ್ದರು. ಆದರೆ ಅವುಗಳ ಅರ್ಥ ಆಗ ಯಾರಿಗೂ ತಿಳಿದಿರಲಿಲ್ಲ. ಅವಕ್ಕೆ ಮುಂದೆ ಕ್ರಿಸ್ಪರ್ ಎಂಬ ಹೆಸರು ಬಂದಿತು.

ಎಮ್ಯಾನುಯೆಲ್ ಶಾರ್ಪೆಂಟಿಯೇ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು 2012ರಲ್ಲಿ ಈ ಕತ್ತರಿಯನ್ನು ಮನುಷ್ಯನ ಇಚ್ಛೆಯಂತೆ ನಡೆಸಬಹುದೆಂದು ತೋರಿಸಿದರು. ಇದರಲ್ಲಿ ಎರಡು ಅಂಗಗಳಿವೆ. ಒಂದು, ದಾರಿ ತೋರುವ ಆರ್.ಎನ್.ಎ. ಎಳೆ, ಇನ್ನೊಂದು, ಕತ್ತರಿಸುವ ಕ್ಯಾಸ್-9 ಎಂಬ ಪ್ರೋಟೀನು. ದಾರಿ ತೋರುವ ಎಳೆಯನ್ನು ಬೇಕಾದಂತೆ ರಚಿಸಿದರೆ, ಕತ್ತರಿಯು ಡಿ.ಎನ್.ಎ.ಯ ಕೋಟ್ಯಂತರ ಅಕ್ಷರಗಳ ನಡುವೆ ಹೊಂದುವ ಸ್ಥಾನವನ್ನು ಹುಡುಕಿ ಅಲ್ಲಿ ಛೇದಿಸುತ್ತದೆ. ಈ ಸಾಧನೆಗಾಗಿ ಅವರಿಬ್ಬರಿಗೂ 2020ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಈ ವಿಧಾನದಿಂದ ಮೊದಲು ಚಿಕಿತ್ಸೆ ಪಡೆದ ವ್ಯಾಧಿಗಳಲ್ಲಿ ಸಿಕಲ್ ಸೆಲ್ ರೋಗವೂ ಒಂದು. ರಕ್ತದ ಹಿಮೋಗ್ಲೋಬಿನ್ನಿಗೆ ಸಂಬಂಧಿಸಿದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದರಿಂದ ಈ ರೋಗ ಬರುತ್ತದೆ. ದುಂಡಗೆ ಮೃದುವಾಗಿರಬೇಕಾದ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗಿ ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರೋಗಿಯು ಅಸಹನೀಯವಾದ ನೋವಿನಿಂದ ನರಳುತ್ತಾನೆ. ನಮ್ಮ ದೇಶದಲ್ಲಿ ಈ ದೋಷವು 1952ರಲ್ಲಿ ಮೊದಲು ವರದಿಯಾದದ್ದು ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿ. ಮಧ್ಯಭಾರತದ ಗಿರಿಜನರಲ್ಲಂತೂ ಇದು ಬಹು ವ್ಯಾಪಕವಾಗಿದೆ.

ಚಿಕಿತ್ಸೆಯ ಯುಕ್ತಿ ಗಮನಾರ್ಹವಾದುದು. ಗರ್ಭದಲ್ಲಿರುವ ಶಿಶುವಿಗೆ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಈ ದೋಷವಿಲ್ಲ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದರ ಉತ್ಪತ್ತಿಯನ್ನು ದೇಹವೇ ನಿಲ್ಲಿಸಿಬಿಡುತ್ತದೆ. ರೋಗಿಯ ಮೂಲಕೋಶಗಳನ್ನು ಹೊರತೆಗೆದು, ಆ ಉತ್ಪತ್ತಿಗೆ ತಡೆಯೊಡ್ಡುವ ವಂಶವಾಹಿಯ ಬಲವನ್ನು ಕ್ರಿಸ್ಪರ್ ಕತ್ತರಿಯಿಂದ ಕುಗ್ಗಿಸಿ, ಕೋಶಗಳನ್ನು ಮರಳಿ ದೇಹಕ್ಕೆ ಸೇರಿಸಿದರೆ, ನಿಂತುಹೋಗಿದ್ದ ನಿರ್ದೋಷವಾದ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗುತ್ತದೆ. ಕೆಟ್ಟ ಅಕ್ಷರವನ್ನು ಸರಿಪಡಿಸದೆ, ಮುಚ್ಚಿದ್ದ ಹಳೆಯ ಬಾವಿಯನ್ನು ತೆರೆದು ನೀರು ಸೇದಿದಂತೆ ಇದು. ಈ ಚಿಕಿತ್ಸೆಗೆ ಬ್ರಿಟನ್ನಿನಲ್ಲಿ 2023ರ ನವೆಂಬರಿನಲ್ಲಿಯೂ ಅಮೆರಿಕದಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿಯೂ ಮಾನ್ಯತೆ ದೊರೆಯಿತು. ಅಮೆರಿಕದ ಅಧಿಕಾರಿಗಳ ಮುಂದಿದ್ದ ಪರೀಕ್ಷಾ ವರದಿಯಂತೆ, ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ಕಾಲ ತೀವ್ರ ನೋವಿನ ಬಾಧೆಯಿಲ್ಲದೆ ಇದ್ದರು.

ಇಷ್ಟು ಗೆಲುವಿನ ಮಗ್ಗುಲಲ್ಲಿಯೇ ಒಂದು ಕಠಿನ ಪ್ರಶ್ನೆಯಿದೆ. ಅಮೆರಿಕದಲ್ಲಿ ಒಬ್ಬ ರೋಗಿಗೆ ಈ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್ ಎಂದು ಗೊತ್ತುಮಾಡಲಾಯಿತು. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 18 ಕೋಟಿ ರೂಪಾಯಿ. ಇದಲ್ಲದೆ ಹಳೆಯ ಮಜ್ಜೆಯನ್ನು ತೆರವುಗೊಳಿಸಲು ಉಗ್ರವಾದ ಔಷಧಿಯನ್ನು ಕೊಡಬೇಕಾಗುತ್ತದೆ; ರೋಗಿಯು ಹಲವು ವಾರ ಆಸ್ಪತ್ರೆಯಲ್ಲಿರಬೇಕಾಗುತ್ತದೆ. ರೋಗವು ಹೆಚ್ಚಾಗಿರುವುದು ಬಡವರಲ್ಲಿ, ಚಿಕಿತ್ಸೆಯು ಎಟಕುವುದು ಸಿರಿವಂತರಿಗೆ! ಭಾರತ ಸರ್ಕಾರವು 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿ, 7 ಕೋಟಿ ಜನರ ರಕ್ತಪರೀಕ್ಷೆಯ ಗುರಿಯನ್ನಿರಿಸಿಕೊಂಡಿತು. ದೆಹಲಿಯಲ್ಲಿರುವ ಜೀನೋಮಿಕ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಡಮೆ ವೆಚ್ಚದ ಸ್ವದೇಶಿ ಕ್ರಿಸ್ಪರ್ ಚಿಕಿತ್ಸೆಯನ್ನು ರೂಪಿಸಲು ಶ್ರಮಿಸಿದ್ದಾರೆ. ಒಂದು ಶೋಧವು ಪ್ರಯೋಗಶಾಲೆಯಲ್ಲಿ ಫಲಿಸಿದ ಮಾತ್ರಕ್ಕೆ ಅದರ ಕಾಯಕ ಮುಗಿಯಲಿಲ್ಲ. ಅದು ದಾಸೋಹವಾಗಿ ಎಲ್ಲರಿಗೂ ಬಡಿಸಲ್ಪಟ್ಟಾಗಲೇ ಪೂರ್ಣಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅತಿವಾಹಕಗಳ ಅನ್ವೇಷಣೆ

ತಾಮ್ರದ ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ತಂತಿಯು ಬಿಸಿಯಾಗುತ್ತದೆ. ಪರಮಾಣುಗಳ ಅಡ್ಡಿಯಿಂದ ಶಕ್ತಿಯ ಒಂದು ಭಾಗ ವ್ಯರ್ಥವಾಗುವುದೇ ಇದಕ್ಕೆ ಕಾರಣ. ಈ ಅಡ್ಡಿಯನ್ನು ರೋಧವೆನ್ನುತ್ತಾರೆ. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನೆಸ್ ಎಂಬ ವಿಜ್ಞಾನಿಯು ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯಕ್ಕೆ ಇಳಿಸಿದಾಗ ಅದರ ರೋಧವು ಥಟ್ಟನೆ ಮಾಯವಾಯಿತು. ಅಂಥ ವಸ್ತುಗಳೇ ಅತಿವಾಹಕಗಳು. ಇಂದು ದೊಡ್ಡ ಆಸ್ಪತ್ರೆಗಳಲ್ಲಿರುವ ಎಂ.ಆರ್.ಐ. ಯಂತ್ರಗಳ ಪ್ರಬಲ ಕಾಂತಗಳು ಬಹುಮಟ್ಟಿಗೆ ಅತಿವಾಹಕ ತಂತಿಗಳಿಂದಲೇ ರಚಿತವಾಗಿವೆ. ಅವನ್ನು ತಣ್ಣಗಿಡಲು ದುಬಾರಿಯಾದ ದ್ರವ ಹೀಲಿಯಮ್ ಬೇಕಾಗುತ್ತದೆ.

ಆದುದರಿಂದ ಸಾಧಾರಣ ಉಷ್ಣತೆಯಲ್ಲಿ ಕೆಲಸಮಾಡುವ ಅತಿವಾಹಕವು ವಿಜ್ಞಾನಿಗಳ ಬಹುಕಾಲದ ಕನಸಾಗಿದೆ. 1986ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಅವರು ಪಿಂಗಾಣಿಯ ಜಾತಿಗೆ ಸೇರಿದ ಒಂದು ವಸ್ತುವಿನಲ್ಲಿ ಹಿಂದಿಗಿಂತ ಹೆಚ್ಚಿನ ಉಷ್ಣತೆಯಲ್ಲಿಯೇ ಈ ಗುಣವನ್ನು ಕಂಡು, ಮರುವರ್ಷವೇ ನೊಬೆಲ್ ಪಡೆದರು. 1987ರಲ್ಲಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಅತಿವಾಹಕವಾಗುವ ವಸ್ತು ದೊರೆತುದರಿಂದ ಅಗ್ಗವಾದ ದ್ರವ ಸಾರಜನಕದ ತಂಪೇ ಸಾಕೆಂದಾಯಿತು. 2015ರಲ್ಲಿ ಜರ್ಮನಿಯ ವಿಜ್ಞಾನಿಗಳು ಜಲಜನಕ ಮತ್ತು ಗಂಧಕದ ಸಂಯುಕ್ತದಲ್ಲಿ ಸೊನ್ನೆಗಿಂತ 70 ಡಿಗ್ರಿ ಮಾತ್ರ ಕೆಳಗೆ ಈ ಗುಣವನ್ನು ಗುರುತಿಸಿದರು. ಆದರೆ ಅದಕ್ಕೆ ವಾಯುಮಂಡಲದ ಒತ್ತಡದ ಸುಮಾರು 15 ಲಕ್ಷ ಪಟ್ಟು ಒತ್ತಡ ಬೇಕಾಯಿತು. ವಜ್ರದ ಎರಡು ಮೊನೆಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರನ್ನು ಒತ್ತಿ ಹಿಡಿದು ನಡೆಸಿದ ಪ್ರಯೋಗವದು.

ಈ ದೀರ್ಘ ತಪಸ್ಸಿನ ನಡುವೆ ಅವಸರದ ಘೋಷಣೆಗಳೂ ಬಂದವು. 2020 ಮತ್ತು 2023ರಲ್ಲಿ ಪ್ರಸಿದ್ಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಎರಡು ಪ್ರಬಂಧಗಳು ಸಾಧಾರಣ ಉಷ್ಣತೆಯ ಅತಿವಾಹಕತೆ ಸಿದ್ಧಿಸಿತೆಂದು ಸಾರಿದವು. ಅವುಗಳ ಅಂಕಿ ಅಂಶಗಳ ಬಗ್ಗೆ ಸಂದೇಹಗಳು ಎದ್ದುದರಿಂದ ಎರಡನ್ನೂ ಪತ್ರಿಕೆಯು ಹಿಂತೆಗೆದುಕೊಳ್ಳಬೇಕಾಯಿತು. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಒಂದು ತಂಡವು ಸೀಸ, ತಾಮ್ರ, ರಂಜಕ ಮತ್ತು ಆಮ್ಲಜನಕಗಳಿಂದಾದ ಎಲ್.ಕೆ.-99 ಎಂಬ ವಸ್ತುವಿಗೆ ಆ ಗುಣವಿದೆಯೆಂದಾಗ ಜಗತ್ತೆಲ್ಲ ಕುತೂಹಲದಿಂದ ನೋಡಿತು. ಅದನ್ನು ತಯಾರಿಸುವುದು ಅಷ್ಟೇನೂ ಕಷ್ಟವಲ್ಲವಾದುದರಿಂದ ಹತ್ತಾರು ದೇಶಗಳ ಪ್ರಯೋಗಶಾಲೆಗಳು ಪರೀಕ್ಷೆಗೆ ತೊಡಗಿದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಅದನ್ನು ತಯಾರಿಸಿ ನೋಡಿ, ಅತಿವಾಹಕತೆ ಕಾಣಲಿಲ್ಲವೆಂದು ಬಹು ಬೇಗನೆ ವರದಿ ಮಾಡಿತು. ರೋಧವು ಥಟ್ಟನೆ ಇಳಿದಂತೆ ತೋರಿದ್ದಕ್ಕೆ ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಶವೇ ಕಾರಣವೆಂಬುದು ಕೆಲವೇ ವಾರಗಳಲ್ಲಿ ಬಯಲಾಯಿತು. ಆ ಕಲ್ಮಶವು 104 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆ. ಆಗ ರೋಧವೂ ಬದಲಾಗುತ್ತದೆ.

ಇದನ್ನು ವಿಜ್ಞಾನದ ಸೋಲೆಂದು ತಿಳಿಯುವವರುಂಟು. ವಸ್ತುತಃ ಇದು ವಿಜ್ಞಾನದ ಆರೋಗ್ಯದ ಲಕ್ಷಣ. ಯಾರು ಹೇಳಿದರು ಎಂಬುದಕ್ಕಿಂತ ಇನ್ನೊಬ್ಬರು ಮಾಡಿ ನೋಡಿದಾಗಲೂ ಹಾಗೆಯೇ ಆಗುತ್ತದೆಯೇ ಎಂಬುದೇ ಇಲ್ಲಿ ಪ್ರಮಾಣ. ಅನುಭವಕ್ಕೆ ಬಾರದುದನ್ನು ಒಪ್ಪದಿರುವ ಈ ದೃಷ್ಟಿಯು ಶರಣ ಪರಂಪರೆಯಲ್ಲಿ ಬೆಳೆದ ವಿದ್ಯಾಲಯಕ್ಕೆ ಹೊಸತೇನೂ ಅಲ್ಲ.

ಸೋಲಿನಿಂದ ರೂಪುಗೊಂಡ ವಿನ್ಯಾಸ

ಮೂರನೆಯ ಉದಾಹರಣೆ ತಂತ್ರವಿಜ್ಞಾನದ್ದು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆಯು ಚಂದ್ರನ ಮೇಲೆ ಇಳಿಯುವ ಕಡೆಯ ಘಟ್ಟದಲ್ಲಿ ಸಂಪರ್ಕ ಕಡಿದುಕೊಂಡು ಅಪ್ಪಳಿಸಿತು. ಇಸ್ರೋ ಸಂಸ್ಥೆಯ ಎಂಜಿನಿಯರುಗಳು ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಐದು ಎಂಜಿನುಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲವನ್ನು ಉಂಟುಮಾಡಿದ್ದವು. ಅದರಿಂದಾದ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋದವು. ಅವನ್ನು ಸರಿಪಡಿಸಲು ನೌಕೆಯು ವೇಗವಾಗಿ ತಿರುಗಬೇಕಾಗಿದ್ದರೂ ತಿರುಗುವ ವೇಗಕ್ಕೆ ಮಿತಿಯಿತ್ತು. ಇಳಿಯಬೇಕಾದ ಜಾಗವೋ ಕೇವಲ 500 ಮೀಟರ್ ಉದ್ದಗಲದ್ದು.

ಮುಂದಿನ ನೌಕೆಯನ್ನು ರೂಪಿಸುವಾಗ, ಏನೇನು ಕೆಟ್ಟುಹೋಗಬಹುದು, ಹಾಗೆ ಕೆಟ್ಟರೂ ನೌಕೆಯನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆಯಿಂದಲೇ ಅವರು ಆರಂಭಿಸಿದರು. ಎಂಜಿನುಗಳನ್ನು ನಾಲ್ಕಕ್ಕೆ ಇಳಿಸಲಾಯಿತು, ಕಾಲುಗಳನ್ನು ಬಲಪಡಿಸಲಾಯಿತು, ಇಂಧನವನ್ನು ಹೆಚ್ಚಿಸಲಾಯಿತು, ವೇಗವನ್ನಳೆಯುವ ಲೇಸರ್ ಉಪಕರಣವೊಂದನ್ನು ಸೇರಿಸಲಾಯಿತು, ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ವಿಸ್ತರಿಸಲಾಯಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪದ ಪ್ರದೇಶದಲ್ಲಿ ಮೃದುವಾಗಿ ಇಳಿದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಮೊಳಗಿದ ಹರ್ಷೋದ್ಗಾರದ ಹಿಂದೆ ನಾಲ್ಕು ವರ್ಷಗಳ ಇಂಥ ನಿಷ್ಠುರವಾದ ಆತ್ಮಪರೀಕ್ಷೆಯಿತ್ತು.

ಇದೇ ಬಗೆಯ ತಾಳ್ಮೆಯ ಕಾರ್ಯವು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿಯೂ ನಡೆದಿದೆ. ಮರಳಿ ಬಳಸಬಹುದಾದ ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟು, ಅದು ತಾನಾಗಿಯೇ ದಾರಿ ಹುಡುಕಿಕೊಂಡು ಓಡುದಾರಿಯ ಮೇಲೆ ಇಳಿಯುವ ಪರೀಕ್ಷೆ ಅದು. 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ನಡೆದ ಮೂರು ಪರೀಕ್ಷೆಗಳೂ ಯಶಸ್ವಿಯಾದವು. ಎರಡನೆಯ ಸಲ ವಾಹನವನ್ನು ಓಡುದಾರಿಯ ನೇರದಿಂದ 150 ಮೀಟರ್ ಪಕ್ಕಕ್ಕೂ, ಮೂರನೆಯ ಸಲ 500 ಮೀಟರ್ ಪಕ್ಕಕ್ಕೂ ಬಿಡಲಾಯಿತು. ಪರೀಕ್ಷೆಯನ್ನು ಪ್ರತಿ ಸಲವೂ ಮೊದಲಿಗಿಂತ ಕಠಿನಗೊಳಿಸುವುದೇ ಅಲ್ಲಿಯ ಕ್ರಮವಾಗಿತ್ತು. ಅಮೆರಿಕದಲ್ಲಿ 2015ರಿಂದಲೇ ಉಪಗ್ರಹ ವಾಹಕದ ಮೊದಲ ಹಂತವು ನೆಟ್ಟಗೆ ಮರಳಿ ಇಳಿಯುತ್ತಿದೆಯಾದುದರಿಂದ, ಈ ಮಾರ್ಗದಲ್ಲಿ ನಮ್ಮ ದೇಶ ಕ್ರಮಿಸಬೇಕಾದ ದೂರ ಇನ್ನೂ ಬಹಳವಿದೆ.

ವಿದ್ಯಾಲಯದ ಹೊಣೆ

ಈ ಮೂರು ಉದಾಹರಣೆಗಳಿಗೂ ಹಳ್ಳಿಯ ಶಾಲೆಯೊಂದರ ಪ್ರಯೋಗಶಾಲೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ನೇರವಾದುದೇ ಆಗಿದೆ. ಅನೇಕ ಶಾಲೆಗಳಲ್ಲಿ ವಿದ್ಯಾರ್ಥಿಯು ಪ್ರಯೋಗ ಮಾಡುವಾಗ, ಬರಬೇಕಾದ ಉತ್ತರವನ್ನು ಪುಸ್ತಕದಲ್ಲಿ ಮೊದಲೇ ನೋಡಿ, ತನಗೆ ದೊರೆತ ಅಂಕಿಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿ ಬರೆಯುವ ರೂಢಿಯಿದೆ. ಅಂಕಗಳು ಕಡಮೆಯಾದಾವೆಂಬ ಭಯವೇ ಇದಕ್ಕೆ ಮೂಲ. ನೋಡಲು ಚಿಕ್ಕದಾದ ಈ ರೂಢಿಯೇ ಬೆಳೆದು, ಹಿಂತೆಗೆದುಕೊಳ್ಳಬೇಕಾದ ಪ್ರಬಂಧಗಳಿಗೂ ದಾರಿಯಾದೀತು. ತಪ್ಪಾದ ಅಳತೆಯನ್ನು ಇದ್ದುದಿದ್ದಂತೆ ಬರೆದು, ಹಾಗೇಕಾಯಿತೆಂದು ಯೋಚಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡುವ ಧೈರ್ಯವನ್ನು ಅಧ್ಯಾಪಕರು ತೋರಬೇಕಾಗಿದೆ.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕಟ್ಟಡಗಳಿಗೆ ಉದಾರವಾಗಿ ನೆರವಾಗಿರುವುದು ಸರ್ವವಿದಿತ. ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಉಷ್ಣಮಾಪಕ, ಒಂದು ತಕ್ಕಡಿ, ನಾಲ್ವರಿಗೊಂದು ಸೂಕ್ಷ್ಮದರ್ಶಕ ದೊರೆಯುವಂತಾದರೆ ಆ ಕಟ್ಟಡಗಳಿಗೆ ಜೀವ ಬಂದೀತು. ಆ ಸೂಕ್ಷ್ಮದರ್ಶಕದಲ್ಲಿ ರಕ್ತದ ಹನಿಯೊಂದನ್ನು ನೋಡಿದ ಬಾಲಕಿಯೊಬ್ಬಳು, 18 ಕೋಟಿಯ ಚಿಕಿತ್ಸೆಯನ್ನು ಬಡವನ ಮನೆಬಾಗಿಲಿಗೆ ತರುವ ಕೆಲಸಕ್ಕೆ ಮುಂದೊಂದು ದಿನ ಕೈಹಾಕಲಾರಳೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ.